ಸ್ಕ್ರೀನ್ ಹಾಕಿಸಲು ಹೋದರು, ಬೋರ್ಡ್ ಹೋಯಿತು

ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳ ಕೌಂಟರಿನಲ್ಲಿ ಒಂದು ಜಗಳ ಆಗಾಗ ಕೇಳಿಬರುತ್ತದೆ. “ಕೊಡೋವಾಗ ಆನ್ ಆಗ್ತಿತ್ತಲ್ರೀ, ಬರೀ ಸ್ಕ್ರೀನ್ ಒಡೆದಿದ್ದು” ಎನ್ನುತ್ತಾರೆ ಗಿರಾಕಿ. “ಹಳೇ ಮಷೀನು ಸಾರ್, ಬೋರ್ಡು ಮೊದಲೇ ವೀಕ್ ಇತ್ತು” ಎನ್ನುತ್ತಾನೆ ಅಂಗಡಿಯ ಹುಡುಗ. ಹೊಸ ಸ್ಕ್ರೀನು ಕೂತಿದೆ, ಬಟನ್ ಒತ್ತಿದರೆ ಲೈಟೂ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಕೆಲವೊಮ್ಮೆ ಆ ಲೈಟೂ ಇಲ್ಲ. ಸ್ಕ್ರೀನಿಗೆಂದು ಹೋದವರು ಅದರ ಹಲವು ಪಟ್ಟು ದುಡ್ಡಿನ ಮದರ್‌ಬೋರ್ಡಿನ ರೇಟು ಕೇಳಿಕೊಂಡು ಮನೆಗೆ ಬರುತ್ತಾರೆ.

‘ವೀಕ್ ಬೋರ್ಡ್’ ಎಂಬ ಕಾಯಿಲೆ ಯಾವ ಎಲೆಕ್ಟ್ರಾನಿಕ್ಸ್ ಪುಸ್ತಕದಲ್ಲೂ ಇಲ್ಲ. ಸ್ಕ್ರೀನ್ ಬದಲಿಸುವಾಗ ಬೋರ್ಡಿಗೆ ಪೆಟ್ಟು ಬೀಳುವುದಕ್ಕೆ ಇರುವ ಕಾರಣಗಳು ಕೆಲವೇ, ಅವೂ ಮೀಟರ್ ಇಟ್ಟು ತೋರಿಸಬಹುದಾದಂಥವು. ‘ಬೋರ್ಡ್ ಹೋಗಿದೆ’ ಎಂದು ತೀರ್ಪು ಕೊಡುವವರು ಬೋರ್ಡಿನಲ್ಲಿ ಏನು ಹೋಗಿದೆ ಎಂದು ಹೇಳುವುದಿಲ್ಲ. ಎಷ್ಟೋ ಸಲ ನೋಡಿಯೇ ಇರುವುದಿಲ್ಲ.

ಸ್ಕ್ರೀನ್ ಬದಲಾವಣೆ ಈ ಕಸುಬಿನ ಒಂದನೇ ಕ್ಲಾಸು. ಹೊಸದಾಗಿ ಕೆಲಸಕ್ಕೆ ಸೇರಿದವನ ಕೈಗೆ ಮೊದಲು ಬರುವುದೇ ಅದು. ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಈಚಿನ ಮಾಡೆಲ್ಲಾದರೆ ಹಿಂದಿನ ಅಂಟುಪಟ್ಟಿ ಎಳೆದು, ಪ್ಯಾನೆಲ್ಲನ್ನು ಕೀಬೋರ್ಡಿನ ಮೇಲೆ ಮಗುಚಿದರೆ ಬೆನ್ನಿನ ಕೆಳಭಾಗದಲ್ಲಿ ಒಂದು ಚಪ್ಪಟೆ ಕನೆಕ್ಟರು ಕಾಣುತ್ತದೆ. ಅದನ್ನು ಕಳಚಿ ಹೊಸ ಪ್ಯಾನೆಲ್ಲಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಪ್ಯಾನೆಲ್ಲಿಗೆ ‘ಪೇಪರ್ ಎಲ್‌ಇಡಿ, ತರ್ಟಿ ಪಿನ್’ ಎಂದರೆ ಸಾಕು, ಇಂಚು ಎಷ್ಟು ಎಂದಷ್ಟೇ ಕೇಳುತ್ತಾರೆ.

ಆ ‘ತರ್ಟಿ ಪಿನ್’ ಒಳಗೇ ಇದೆ ಕಥೆಯೆಲ್ಲ. ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದಲ್ಲಿ 30 ಪಿನ್ನುಗಳು, ಒಂದರಿಂದ ಒಂದಕ್ಕೆ ಅರ್ಧ ಮಿಲಿಮೀಟರ್. ಇದು ಬೋರ್ಡಿನಿಂದ ಸ್ಕ್ರೀನಿಗೆ ಚಿತ್ರ ಸಾಗಿಸುವ ಇಡಿಪಿ ಎಂಬ ವ್ಯವಸ್ಥೆ. ಇದರ ಮೊದಲ ಆವೃತ್ತಿ 2008ರ ಕೊನೆಯಲ್ಲಿ ಬಂತು. ಅದಕ್ಕೆ ಮುಂಚೆ ಇದ್ದ ಎಲ್‌ವಿಡಿಎಸ್ ಅನ್ನು 2013ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್, ಎಎಮ್‌ಡಿ ಕಂಪನಿಗಳು 2010ರಲ್ಲೇ ಸಾರಿದ್ದವು. ಇವತ್ತಿನ ಮಾಮೂಲಿ ಲ್ಯಾಪ್‌ಟಾಪುಗಳಲ್ಲಿ ಇರುವುದು ಇಡಿಪಿಯೇ. ಮೂವತ್ತರಲ್ಲಿ ಚಿತ್ರವನ್ನು ಹೊತ್ತು ತರುವ ಗೆರೆಗಳು ಬೆರಳೆಣಿಕೆಯಷ್ಟು. ಪ್ಯಾನೆಲ್ಲಿನ ಎಲೆಕ್ಟ್ರಾನಿಕ್ಸಿಗೆ 3.3 ವೋಲ್ಟು ಕೊಡುವುದು 12 ಮತ್ತು 13ನೇ ಪಿನ್. ಹಿಂಬೆಳಕನ್ನು ಹಚ್ಚು-ಆರಿಸು ಎನ್ನುವುದು 22, ಎಷ್ಟು ಬೆಳಗಬೇಕು ಎನ್ನುವುದು 23. ಆಮೇಲೆ 26ರಿಂದ 29ರವರೆಗೆ ನಾಲ್ಕು ಪಿನ್ನುಗಳಲ್ಲಿ ಹರಿಯುವುದು ಹಿಂಬೆಳಕಿನ ಕರೆಂಟು. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಅದು ಬ್ಯಾಟರಿಯ ಅಥವಾ ಚಾರ್ಜರಿನ ಕರೆಂಟೇ. ಬ್ಯಾಟರಿಯಲ್ಲಿದ್ದರೆ ಸುಮಾರು 12 ವೋಲ್ಟು, ಚಾರ್ಜರ್ ಹಾಕಿದ್ದರೆ 19.

ಮೂರು ವೋಲ್ಟಿಗಷ್ಟೇ ಒಗ್ಗಿದ ಗೆರೆಗಳ ಮಗ್ಗುಲಲ್ಲೇ ಹತ್ತೊಂಬತ್ತು ವೋಲ್ಟು. ಇದನ್ನು ರೂಪಿಸಿದವರಿಗೆ ಅಪಾಯ ಗೊತ್ತಿತ್ತು. 24 ಮತ್ತು 25ನೇ ಪಿನ್ನುಗಳನ್ನು ಖಾಲಿ ಬಿಟ್ಟಿದ್ದಾರೆ, ಎರಡು ಹೊಲಗಳ ನಡುವಿನ ಬದುವಿನ ಹಾಗೆ. ಕನೆಕ್ಟರು ನೇರವಾಗಿ ಹೋಗಿ ನೇರವಾಗಿ ಬರುವತನಕ ಆ ಬದು ಸಾಕು. ಒಂದು ಬದಿಯಿಂದ ಎತ್ತಿದರೆ, ಓರೆಯಾಗಿ ತೂರಿಸಿದರೆ, ಪಿನ್ನೊಂದು ಮಡಚಿಕೊಂಡು ಪಕ್ಕದ ಪಿನ್ನಿಗೆ ತಗುಲಿದರೆ ಬದುವಿಗೆ ಬೆಲೆಯಿಲ್ಲ. ಕನೆಕ್ಟರಿನ ಲೋಹದ ಹೊದಿಕೆ ಸ್ವತಃ ಗ್ರೌಂಡು. ಅದೇ ಬಾಗಿ ಬಂದು 19 ವೋಲ್ಟಿನ ಪಿನ್ನನ್ನು ಮುಟ್ಟಿದರೂ ಆಯಿತು.

ಆದರೆ ಇಷ್ಟಕ್ಕೆಲ್ಲ ಒಂದು ಷರತ್ತಿದೆ: ಪಿನ್ನಿನಲ್ಲಿ ಕರೆಂಟ್ ಇರಬೇಕು.

ಹಿಂದಿನ ಲ್ಯಾಪ್‌ಟಾಪುಗಳಲ್ಲಿ ತಳ ಮೇಲೆ ಮಾಡಿ ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಮೆಕ್ಯಾನಿಕ್ಕಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ, ಅದು ಮೊದಲು ಹೊರಬರುವ ವಸ್ತು. ಲ್ಯಾಪ್‌ಟಾಪ್ ತೆಳ್ಳಗಾಗಬೇಕೆಂಬ ಆಸೆಗೆ ಬ್ಯಾಟರಿ ಒಳಗೆ ಸೇರಿಕೊಂಡಿತು. ಈಗ ಸ್ಕ್ರೀನ್ ತೆಗೆಯಲು ಮೇಲಿನ ಪಟ್ಟಿ ಬಿಚ್ಚಿದರೆ ಸಾಕು, ಬ್ಯಾಟರಿ ಕಳಚಲು ಮಾತ್ರ ತಳದ ಹತ್ತು ಹನ್ನೆರಡು ಸ್ಕ್ರೂ ಬಿಚ್ಚಿ ಇಡೀ ಹಿಂಬದಿ ತೆಗೆಯಬೇಕು. ಎದುರಿಗೆ ಗಿರಾಕಿ ಗಡಿಯಾರ ನೋಡುತ್ತ ನಿಂತಿದ್ದರೆ ಹುಡುಗ ಏನು ಮಾಡುತ್ತಾನೆ? ಶಟ್‌ಡೌನ್ ಮಾಡಿ ಕನೆಕ್ಟರಿಗೆ ಕೈಹಾಕುತ್ತಾನೆ.

ಶಟ್‌ಡೌನ್ ಆದ ಲ್ಯಾಪ್‌ಟಾಪ್ ಮಲಗಿರುತ್ತದೆ, ಸತ್ತಿರುವುದಿಲ್ಲ. ಬಟನ್ ಒತ್ತುವುದನ್ನೇ ಕಾಯುತ್ತ ಒಂದು ಚಿಪ್ಪು ಎಚ್ಚರವಾಗಿರುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ‘ಐಓ’ ಎನ್ನುತ್ತಾರೆ. ಬ್ಯಾಟರಿಯ ಮುಖ್ಯ ಗೆರೆಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಕೆಲವು ಬೋರ್ಡುಗಳಲ್ಲಿ ಹಿಂಬೆಳಕಿನ ಗೆರೆಗೆ ನಡುವೆ ಒಂದು ಸ್ವಿಚ್ ಇದೆ. ಇನ್ನು ಕೆಲವದರಲ್ಲಿ ಮುಖ್ಯ ಗೆರೆಯಿಂದ ಒಂದು ಫ್ಯೂಸ್ ದಾಟಿದರೆ ನೇರ ಸ್ಕ್ರೀನಿನ ಪಿನ್ನು. ಅಂಥ ಬೋರ್ಡಿನಲ್ಲಿ ಲ್ಯಾಪ್‌ಟಾಪ್ ಆಫ್ ಇದ್ದರೂ ಆ ನಾಲ್ಕು ಪಿನ್ನುಗಳಲ್ಲಿ ಜೀವ ಇರುತ್ತದೆ. ಯಾವ ಬೋರ್ಡು ಯಾವ ಬಗೆಯದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಬ್ಯಾಟರಿ ಕಳಚುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ. ಥಿಂಕ್‌ಪ್ಯಾಡಿನಂಥ ಕೆಲವದರಲ್ಲಿ ಮಾತ್ರ ಒಂದು ಒಳ್ಳೆಯ ಏರ್ಪಾಡಿದೆ: ಬಯೋಸಿಗೆ ಹೋಗಿ ಪವರ್ ಸೆಟ್ಟಿಂಗಿನಲ್ಲಿ ಒಳಗಿನ ಬ್ಯಾಟರಿಯನ್ನು ತಡೆಹಿಡಿಯಬಹುದು. ಮತ್ತೆ ಚಾರ್ಜರ್ ಚುಚ್ಚುವತನಕ ಅದು ಕರೆಂಟ್ ಕೊಡುವುದಿಲ್ಲ. ಎಲ್ಲ ಕಂಪನಿಗಳೂ ಇದನ್ನು ಏಕೆ ಕೊಡುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಇದಕ್ಕೆ ಖರ್ಚೇನೂ ಇಲ್ಲ, ಬರೀ ಸಾಫ್ಟ್‌ವೇರ್.

ಎಸ್.ಪಿ. ರಸ್ತೆಯಲ್ಲಿ ಪ್ಯಾನೆಲ್, ಕೀಬೋರ್ಡ್, ಚಾರ್ಜರ್ ಮಾರುವ ಅಂಗಡಿಗಳು ಕೆಳಗಿರುತ್ತವೆ. ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ‘ಚಿಪ್ ಲೆವೆಲ್’, ಅಂದರೆ ಬೋರ್ಡಿನ ರಿಪೇರಿ, ಮಾಡುವವರು ಕೂತಿರುತ್ತಾರೆ. ಕೆಳಗೆ ಕೆಟ್ಟದ್ದು ಮೇಲೆ ಬರುತ್ತದೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚೀ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸುಗಳಲ್ಲೂ ಇದೇ ಬಗೆಯ ವಿಂಗಡಣೆ. ಇಂಥ ಒಂದು ಮಹಡಿಯಲ್ಲಿ ಕೂತಿರುವ ಮೆಕ್ಯಾನಿಕ್ಕಿನ ಕೆಲಸವನ್ನು ನಾನು ಬಿಡುವಾದಾಗ ನೋಡುತ್ತೇನೆ. ಅವರ ಹೆಸರು ಬೇಡ. ಅಲ್ಲಿ ಎಲ್ಲರೂ ಅವರನ್ನು ‘ಅಣ್ಣ’ ಎಂದೇ ಕರೆಯುವುದು. ಕೆಳಗಿನ ಅಂಗಡಿಯ ಹುಡುಗ ಒಂದು ಬೋರ್ಡು ಹಿಡಿದು ಬಂದು, “ಅಣ್ಣಾ, ಡಿಸ್ಪ್ಲೇ ಹಾಕ್ದೆ, ಡೆಡ್ ಆಯ್ತು” ಎಂದರೆ ಅವರು ಕೇಳುವ ಮೊದಲ ಪ್ರಶ್ನೆ, “ಬ್ಯಾಟರಿ ತೆಗ್ದಿದ್ಯೇನೋ?” ಹುಡುಗ ಗೋಡೆ ನೋಡುತ್ತಾನೆ.

ಅವರು ತಕ್ಷಣ ಬಿಸಿಗಾಳಿಯ ಬ್ಲೋವರ್ ಹಚ್ಚುವುದಿಲ್ಲ. “ಮೊದ್ಲೇ ಹೀಟ್ ಕೊಟ್ರೆ ಸಾಕ್ಷಿನೇ ಸುಟ್ಟೋಗುತ್ತೆ ಸಾರ್” ಎನ್ನುತ್ತಾರೆ. ಮೊದಲು ಎಚ್‌ಡಿಎಂಐ ಕೇಬಲ್ಲಿನಲ್ಲಿ ಹೊರಗಿನ ಮಾನಿಟರಿಗೆ ಸಿಕ್ಕಿಸುತ್ತಾರೆ. ಅಲ್ಲಿ ಚಿತ್ರ ಬಂದರೆ ಪ್ರೊಸೆಸರ್, ಮೆಮೊರಿ, ಬಯೋಸ್ ಎಲ್ಲ ನೆಟ್ಟಗಿವೆ, ಕೆಟ್ಟಿರುವುದು ಸ್ಕ್ರೀನಿಗೆ ಹೋಗುವ ದಾರಿ ಮಾತ್ರ ಎಂದರ್ಥ. ಆಮೇಲೆ ಕಪ್ಪು ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಡುತ್ತಾರೆ. ಮಸುಕಾಗಿ ವಿಂಡೋಸಿನ ಗುರುತು ಕಂಡರೆ ಚಿತ್ರ ಬರುತ್ತಿದೆ, ಹಿಂಬೆಳಕು ಮಾತ್ರ ಇಲ್ಲ. ಈ ಎರಡು ಪರೀಕ್ಷೆಗೆ ಒಂದು ಕೇಬಲ್ಲು, ಒಂದು ಮೊಬೈಲ್ ಟಾರ್ಚು ಸಾಕು. ‘ಬೋರ್ಡ್ ಹೋಗಿದೆ’ ಎನ್ನುವ ಅಂಗಡಿಯಲ್ಲಿ ಇವನ್ನು ಮಾಡಿದಿರಾ ಎಂದು ಯಾರು ಬೇಕಾದರೂ ಕೇಳಬಹುದು.

ಹಿಂಬೆಳಕು ಮಾತ್ರ ಹೋಗಿದ್ದರೆ ಬಹಳ ಸಲ ಬೋರ್ಡಿನ ಸ್ಕ್ರೀನ್ ಸಾಕೆಟ್ಟಿನ ಆಸುಪಾಸಿನಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಫ್ಯೂಸ್ ಸುಟ್ಟಿರುತ್ತದೆ. 19 ವೋಲ್ಟಿನ ಪಿನ್ನು ಗ್ರೌಂಡಿಗೆ ತಾಗಿದ ಕ್ಷಣದಲ್ಲಿ ಅದು ತಾನು ಹೋಗಿ ಉಳಿದದ್ದನ್ನು ಕಾಯುತ್ತದೆ. ಬೆಲೆ ಕೆಲವು ರೂಪಾಯಿ. ಗುಜರಿ ಬೋರ್ಡಿನಿಂದ ಕಿತ್ತರೆ ಅದೂ ಇಲ್ಲ. ಚಿತ್ರವೇ ಬರದಿದ್ದರೆ 3.3 ವೋಲ್ಟನ್ನು ಸ್ಕ್ರೀನಿಗೆ ಬಿಡುವ ಐದಾರು ಕಾಲಿನ ಪುಟ್ಟ ಸ್ವಿಚ್ ಐಸಿಯನ್ನು ನೋಡುತ್ತಾರೆ. ಅದೂ ದುಬಾರಿಯಲ್ಲ.

ಫ್ಯೂಸಿನ ವಿಚಾರದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸುಟ್ಟ ಫ್ಯೂಸಿನ ಜಾಗಕ್ಕೆ ಒಂದು ತುಂಡು ತಂತಿ ಅಥವಾ ಒಂದು ಹನಿ ಸೀಸ ಹಾಕಿ ‘ಡೈರೆಕ್ಟ್’ ಮಾಡುವ ಚಾಳಿ ನಮ್ಮಲ್ಲಿ ವ್ಯಾಪಕವಾಗಿದೆ. ಸ್ಕ್ರೀನ್ ಬೆಳಗುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ಫ್ಯೂಸ್ ಸುಟ್ಟ ಕಾರಣ ಇನ್ನೂ ಅಲ್ಲೇ ಇದ್ದರೆ, ಉದಾಹರಣೆಗೆ ತಿರುಚಿದ ಕೇಬಲ್ಲೋ ಬಾಗಿದ ಪಿನ್ನೋ ಉಳಿದಿದ್ದರೆ, ಮುಂದಿನ ಸಲ ಸುಡುವುದು ಬೋರ್ಡಿನೊಳಗಿನ ತಾಮ್ರದ ಗೆರೆ. ಹಲವು ಪದರಗಳ ಬೋರ್ಡಿನಲ್ಲಿ ಒಳಪದರದ ಗೆರೆ ಸುಟ್ಟರೆ ಅದನ್ನು ತಲುಪುವುದೇ ಕಷ್ಟ. ಐದು ರೂಪಾಯಿ ಉಳಿಸಲು ಮಾಡುವ ಈ ಕೆಲಸವನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ನಿಜಕ್ಕೂ ಭಯಪಡಬೇಕಾದ್ದು 22 ಮತ್ತು 23ನೇ ಪಿನ್ನಿಗೆ. ಚಿತ್ರದ ಗೆರೆಗಳ ದಾರಿಯಲ್ಲಿ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದು ನೇರ ಕರೆಂಟನ್ನು ದಾಟಗೊಡುವುದಿಲ್ಲ, ಹಾಗಾಗಿ ಅಷ್ಟರಮಟ್ಟಿಗೆ ರಕ್ಷಣೆ. ಹಿಂಬೆಳಕಿನ ಆಜ್ಞೆ ಒಯ್ಯುವ ಗೆರೆಗಳಿಗೆ ಅಂಥ ತಡೆ ಇಲ್ಲ. ಅವು ಐಓ ಚಿಪ್ಪಿಗೋ ಪ್ರೊಸೆಸರಿನ ಪಕ್ಕದ ಚಿಪ್‌ಸೆಟ್ಟಿಗೋ ಹೋಗಿ ಮುಟ್ಟುತ್ತವೆ. ಆ ದಾರಿಯಲ್ಲಿ 12 ಅಥವಾ 19 ವೋಲ್ಟು ನುಗ್ಗಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಐಓ ಹೋಗಿದ್ದರೆ ಬದಲಿಸಬಹುದು. ಕೆಲವದಕ್ಕೆ ಒಳಗೆ ಪ್ರೋಗ್ರಾಂ ಬರೆಯಬೇಕು, ಅಷ್ಟೇ. ತೆಳು ಲ್ಯಾಪ್‌ಟಾಪುಗಳಲ್ಲಿ ಚಿಪ್‌ಸೆಟ್ ಈಗ ಪ್ರೊಸೆಸರಿನ ಜೊತೆಗೇ ಒಂದೇ ಹಲಗೆಯಲ್ಲಿ ಕೂತಿದೆ, ಬೋರ್ಡಿಗೆ ನೂರಾರು ಬೆಸುಗೆ ಗುಂಡುಗಳಿಂದ ಬೆಸೆದಿದೆ. ಅದು ಸುಟ್ಟರೆ ಅಣ್ಣ ಕೂಡ ಕೈಚೆಲ್ಲುತ್ತಾರೆ. “ಇದಕ್ಕೆ ದುಡ್ಡು ಹಾಕ್ಬೇಡಿ” ಎಂದು ಅವರು ಹೇಳಿದ್ದನ್ನು ಕೇಳಿದ್ದೇನೆ. ಆದರೆ ಆ ಮಾತು ಬರುವುದು ಮೀಟರಿನ ಎರಡು ಕಡ್ಡಿಗಳು ಬೋರ್ಡಿನ ಮೇಲೆಲ್ಲ ಓಡಾಡಿದ ಮೇಲೆ.

ಆ ಓಡಾಟವೇ ಈ ಕಸುಬಿನ ವಿದ್ಯೆ. ಮೀಟರನ್ನು ಡಯೋಡ್ ಮೋಡಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು, ಕಪ್ಪು ಕಡ್ಡಿಯಿಂದ ಸಾಕೆಟ್ಟಿನ ಒಂದೊಂದೇ ಪಿನ್ನನ್ನು ಮುಟ್ಟುತ್ತಾರೆ. ಆರೋಗ್ಯವಾಗಿರುವ ಗೆರೆ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು ತೋರಿಸುತ್ತದೆ. ಸೊನ್ನೆ ಎಂದರೆ ಶಾರ್ಟು. ಏನೂ ತೋರಿಸದಿದ್ದರೆ ಗೆರೆ ಎಲ್ಲೋ ತುಂಡಾಗಿದೆ. ಜೋಡಿ ಗೆರೆಗಳಲ್ಲಿ ಒಂದು ಇನ್ನೊಂದಕ್ಕಿಂತ ಬೇರೆ ಅಂಕಿ ತೋರಿಸಿದರೂ ಅನುಮಾನ. ಶಾರ್ಟ್ ಇದೆ, ಎಲ್ಲಿದೆ ಗೊತ್ತಿಲ್ಲ ಎಂದಾದರೆ ಆ ಗೆರೆಗೆ ಒಂದು ವೋಲ್ಟಿನಷ್ಟು ಕಡಿಮೆ ವೋಲ್ಟೇಜಿನಲ್ಲಿ ಕರೆಂಟ್ ಬಿಟ್ಟು ಯಾವುದು ಬಿಸಿಯಾಗುತ್ತದೆ ನೋಡುತ್ತಾರೆ. ಥರ್ಮಲ್ ಕ್ಯಾಮೆರಾ ಇದ್ದವರು ಅದರಲ್ಲಿ ನೋಡುತ್ತಾರೆ. ಇಲ್ಲದವರು ಬೋರ್ಡಿಗೆ ಐಪಿಎ ಎಂಬ ಆಲ್ಕೋಹಾಲ್ ಸವರುತ್ತಾರೆ, ಎಲ್ಲಿ ಮೊದಲು ಆರಿತೋ ಅಲ್ಲಿದ್ದಾನೆ ಕಳ್ಳ. ಆ ಕಳ್ಳ ಬಹಳ ಸಲ ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಕೆಪಾಸಿಟರ್.

ಆದರೆ ಯಾವ ಪಿನ್ನು ಬೋರ್ಡಿನೊಳಗೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ನಕ್ಷೆ ಬೇಕು. ನಕ್ಷೆಯನ್ನು ಲ್ಯಾಪ್‌ಟಾಪಿನ ಮಾಡೆಲ್ ನಂಬರಿನಿಂದ ಹುಡುಕಿದರೆ ಸಿಗುವುದು ಕಷ್ಟ. ಬೋರ್ಡಿನ ಮೇಲೆ ಅಚ್ಚಾದ ನಂಬರಿನಿಂದ ಹುಡುಕಬೇಕು. ಏಕೆಂದರೆ ಮುಚ್ಚಳದ ಮೇಲೆ ಹೆಸರಿರುವ ಕಂಪನಿಗಳಲ್ಲಿ ಹೆಚ್ಚಿನವು ಬೋರ್ಡ್ ಮಾಡುವುದಿಲ್ಲ. ತೈವಾನಿನ ಕಂಪಾಲ್, ಕ್ವಾಂಟಾ, ವಿಸ್ಟ್ರಾನ್‌ನಂಥವರು ಮಾಡಿಕೊಡುತ್ತಾರೆ. ‘ಎಲ್‌ಎ’ ಎಂದು ಶುರುವಾದರೆ ಕಂಪಾಲ್, ‘ಡಿಎ0’ ಎಂದಿದ್ದರೆ ಕ್ವಾಂಟಾ, ಎಂದು ಅಣ್ಣ ದೂರದಿಂದಲೇ ಹೇಳುತ್ತಾರೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಕಾರ್ಖಾನೆ ನಡೆಸಿ, 2023ರಲ್ಲಿ ಟಾಟಾದವರಿಗೆ ಬಿಟ್ಟುಕೊಟ್ಟಿದ್ದು ಇದೇ ವಿಸ್ಟ್ರಾನ್. ಇವರು ಯಾರೂ ನಕ್ಷೆಯನ್ನು ಬೀದಿ ಮೆಕ್ಯಾನಿಕ್ಕಿಗೆ ಕೊಡುವುದಿಲ್ಲ. ಆದರೂ ನಕ್ಷೆಗಳು ಎಲ್ಲಿಂದಲೋ ಸೋರಿ, ಪೆನ್‌ಡ್ರೈವುಗಳಲ್ಲಿ, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತವೆ. ಒಂದು ಇಡೀ ಕಸುಬು ಹೀಗೆ ಕದ್ದ ಕಾಗದದ ಮೇಲೆ ನಿಂತಿದೆ. ಕದಿಯಬೇಕಾಗಿ ಬಂದದ್ದು ಯಾರ ತಪ್ಪು ಎಂಬ ಪ್ರಶ್ನೆ ಬೇರೆ.

ಮೆಕ್ಯಾನಿಕ್ಕುಗಳಿಗೆ ಇನ್ನೊಂದು ಪಾಠಶಾಲೆ ಯೂಟ್ಯೂಬ್. ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಿದ್ದ ಲೂಯಿ ರಾಸ್‌ಮನ್ ಮ್ಯಾಕ್‌ಬುಕ್ ಬೋರ್ಡುಗಳ ರಿಪೇರಿಯನ್ನು ನಕ್ಷೆ ತೆರೆದಿಟ್ಟು, ಬಾಯಿಗೆ ಬಂದಂತೆ ಬೈಯುತ್ತಲೇ ಗಂಟೆಗಟ್ಟಲೆ ತೋರಿಸಿದರು. ಹಳೆಯ ಮ್ಯಾಕ್‌ಬುಕ್ಕುಗಳಲ್ಲಿ ಹಿಂಬೆಳಕಿನ ವೋಲ್ಟೇಜನ್ನು ಬೋರ್ಡೇ 50ರ ಆಸುಪಾಸಿಗೆ ಏರಿಸಿ ಸ್ಕ್ರೀನಿಗೆ ಕಳಿಸುತ್ತಿತ್ತು. ಅಲ್ಲಿ ಕನೆಕ್ಟರಿಗೆ ಒಂದು ಹನಿ ನೀರು ಬಿದ್ದರೂ ಪಕ್ಕದ ಗೆರೆಗೆ ಅಷ್ಟೂ ನುಗ್ಗುತ್ತಿತ್ತು.

ಇನ್ನು ಬೆಸುಗೆಯ ಕೆಲಸ. ನೋಡುವವರಿಗೆ ಸೊಗಸು, ಹೇಳಲು ಅಷ್ಟೇನೂ ಇಲ್ಲ. ಯುರೋಪಿನ ನಿಯಮ 2006ರ ಜುಲೈನಿಂದ ಎಲೆಕ್ಟ್ರಾನಿಕ್ಸಿನಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಕಾರ್ಖಾನೆಯ ಬೆಸುಗೆ ಕರಗಲು 217 ಡಿಗ್ರಿಗೂ ಹೆಚ್ಚು ಬೇಕು. ಸೀಸ ಬೆರೆತ ಹಳೆಯ ಬೆಸುಗೆಗೆ 183 ಸಾಕು. ಅದಕ್ಕೇ ಮೆಕ್ಯಾನಿಕ್ ಹಳೆಯದನ್ನು ಬೆರೆಸಿ ಮೆತ್ತಗೆ ಮಾಡಿಕೊಂಡು, ಪೇಸ್ಟ್ ಹಚ್ಚಿ, ಮೈಕ್ರೋಸ್ಕೋಪಿನ ಕೆಳಗೆ ಬಿಸಿಗಾಳಿ ಬಿಡುತ್ತಾನೆ. ಸಾಕೆಟ್ಟೇ ಕಿತ್ತುಬಂದು, ಜೊತೆಗೆ ತಾಮ್ರದ ಪ್ಯಾಡುಗಳೂ ಎದ್ದಿದ್ದರೆ ಕೂದಲಿಗಿಂತ ತೆಳುವಾದ ತಂತಿಯಲ್ಲಿ ಜಂಪರ್ ಎಳೆಯಬೇಕು. ಅದು ಮಾತ್ರ ಎಲ್ಲರ ಕೈಗೆ ಬಗ್ಗುವುದಲ್ಲ.

ಏನೂ ಹೋಗದೆಯೇ ಸತ್ತಂತೆ ನಟಿಸುವ ಲ್ಯಾಪ್‌ಟಾಪುಗಳೂ ಇವೆ. ಒಳಗಿನ ಬ್ಯಾಟರಿ ಕಳಚಿ ಮತ್ತೆ ಹಾಕಿದ ಮೇಲೆ ಹಲವು ಮಾಡೆಲ್ಲುಗಳು ಒಮ್ಮೆ ಚಾರ್ಜರ್ ಚುಚ್ಚುವತನಕ ಏಳುವುದೇ ಇಲ್ಲ. ಕೆಲವು ಮೊದಲ ಸಲ ಮೆಮೊರಿಯನ್ನು ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತ ನಿಮಿಷದ ಮೇಲೆ ಕಪ್ಪಾಗೇ ಕೂರುತ್ತವೆ. ಮುಚ್ಚಳದೊಳಗಿನ ಅಯಸ್ಕಾಂತ ಜಾಗ ತಪ್ಪಿದರೆ ಲ್ಯಾಪ್‌ಟಾಪು ತಾನು ಮುಚ್ಚಿದ್ದೇನೆಂದು ತಿಳಿದು ಸ್ಕ್ರೀನ್ ಆರಿಸುತ್ತದೆ. 40 ಪಿನ್ನಿನ ಪ್ಯಾನೆಲ್ಲುಗಳಲ್ಲಂತೂ ಒಂದರ ಹಾಗೆ ಒಂದಿಲ್ಲ: ಟಚ್ ಇರುವುದು, ಗೇಮಿಂಗಿನದು, ಹಳೆಯ ಎಲ್‌ವಿಡಿಎಸ್, ಹೊರಗೆ ನೋಡಲು ಅಣ್ಣತಮ್ಮಂದಿರು. ‘ಫಿಟ್ ಆಗುತ್ತೆ’ ಎಂಬ ಮಾತನ್ನು ಅಲ್ಲಿ ನಂಬಬಾರದು.

ಅಂಗಡಿಯ ಕೈತಪ್ಪಿನಿಂದ ಬೋರ್ಡ್ ಹೋಗಿದ್ದರೆ ನಷ್ಟ ಯಾರದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯ ವ್ಯಾಖ್ಯೆಯಲ್ಲೇ ನಿರ್ಲಕ್ಷ್ಯದಿಂದಾದ ನಷ್ಟವನ್ನು ಸೇರಿಸಿದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಆದರೆ ಕೊಡುವಾಗ ಬೋರ್ಡ್ ಸರಿಯಿತ್ತು ಎನ್ನಲು ಸಾಕ್ಷಿ ಬೇಕು. ಕೌಂಟರಿನಲ್ಲೇ ಹೊರಗಿನ ಮಾನಿಟರಿಗೆ ಸಿಕ್ಕಿಸಿ ತೋರಿಸಿ, ‘ಎಚ್‌ಡಿಎಂಐಯಲ್ಲಿ ಡಿಸ್ಪ್ಲೇ ಬರುತ್ತಿದೆ’ ಎಂದು ರಸೀತಿಯಲ್ಲಿ ಬರೆಸಿಕೊಂಡರೆ ‘ವೀಕ್ ಬೋರ್ಡ್’ ವಾದಕ್ಕೆ ಜಾಗವಿರುವುದಿಲ್ಲ. ಬರೆಯಲು ಒಪ್ಪದ ಅಂಗಡಿಯಿಂದ ಎದ್ದು ಬರುವುದು ಲೇಸು.

ಸರ್ಕಾರದ ಕಡೆಯಿಂದಲೂ ಒಂದಿಷ್ಟು ನಡೆದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕಂಪನಿಗಳು ಅದರಲ್ಲಿ ಕೈಪಿಡಿ, ವಾರಂಟಿ, ಸರ್ವಿಸ್ ಸೆಂಟರುಗಳ ವಿವರ ಹಾಕಬೇಕೆಂಬುದು ಉದ್ದೇಶ. ಫ್ರಾನ್ಸ್ 2021ರ ಜನವರಿಯಿಂದಲೇ ಲ್ಯಾಪ್‌ಟಾಪುಗಳ ಮೇಲೆ ಅಥವಾ ಪಕ್ಕದಲ್ಲಿ ರಿಪೇರಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ತೋರಿಸುವುದನ್ನು ಕಡ್ಡಾಯ ಮಾಡಿತು. ದಾಖಲೆಗಳನ್ನು ಎಷ್ಟು ಬಿಟ್ಟುಕೊಡುತ್ತಾರೆ ಎಂಬುದಕ್ಕೂ ಅಲ್ಲಿ ಅಂಕವಿದೆ. ನಮ್ಮಲ್ಲಿ ಸಿಗುವ ಕೈಪಿಡಿ ಇನ್ನೂ ಸ್ಕ್ರೂ ಬಿಚ್ಚುವುದನ್ನು ಕಲಿಸುವಲ್ಲಿಗೆ ನಿಲ್ಲುತ್ತದೆ. ಬೋರ್ಡಿನ ನಕ್ಷೆ ಇಲ್ಲದ ರಿಪೇರಿ ಹಕ್ಕು ಎಂದರೆ ಬೋರ್ಡನ್ನೇ ಬದಲಿಸುವ ಹಕ್ಕು ಅಷ್ಟೇ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ. ಐದು ರೂಪಾಯಿಯ ಫ್ಯೂಸ್ ಸುಟ್ಟ ಬೋರ್ಡುಗಳೂ ಆ ರಾಶಿಗೆ ಸೇರುತ್ತವೆ.

ಬೋರ್ಡ್ ಬದಲಿಸಿಬಿಡೋಣ, ತಲೆನೋವು ಬೇಡ ಎನ್ನುವವರು ಒಂದನ್ನು ಮರೆಯುತ್ತಾರೆ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಬೀಗದ ಕೈ ಇರುವುದು ಬೋರ್ಡಿನ ಮೇಲಿನ ಅಥವಾ ಪ್ರೊಸೆಸರಿನೊಳಗಿನ ಟಿಪಿಎಂ ಎಂಬ ಭದ್ರತಾ ಘಟಕದಲ್ಲಿ. ಬೋರ್ಡ್ ಬದಲಾದರೆ ಹಳೆಯ ಡಿಸ್ಕು ಹೊಸ ಬೋರ್ಡನ್ನು ಗುರುತಿಸದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಬಯೋಸ್ ಚಿಪ್ಪನ್ನು ಹೊಸದಾಗಿ ಬರೆದರೂ ಕೇಳಬಹುದು. ಈಚಿನ ಮ್ಯಾಕ್‌ಬುಕ್ಕುಗಳಲ್ಲಂತೂ ಸ್ಟೋರೇಜೇ ಬೋರ್ಡಿಗೆ ಬೆಸೆದಿದೆ. ಬೇರೆಡೆ ಕಾಪಿ ಇಟ್ಟುಕೊಳ್ಳದಿದ್ದರೆ ಫೋಟೋ, ಫೈಲುಗಳು ಮರಳಿ ಬರಲು ಹಳೆಯ ಬೋರ್ಡೇ ರಿಪೇರಿ ಆಗಬೇಕು. ವಿಂಡೋಸಿನವರಿಗೆ ಆ ಕೀ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಒಡೆದ ಸ್ಕ್ರೀನಿನಲ್ಲಿ ಕಾಣದಿದ್ದರೆ ಮೊಬೈಲಿನಿಂದಲೇ ಲಾಗಿನ್ ಆಗಿ ನೋಡಬಹುದು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವ ಮುಂಚೆ ಅದನ್ನು ಒಂದು ಕಾಗದಕ್ಕೆ ಇಳಿಸಿಕೊಳ್ಳಿ, ಆ ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಮಾತ್ರ ಇಡಬೇಡಿ.